ಬಾಯಿ ಬಿಟ್ಟ ಪ್ರಯಾಣಿಕ

ನಮ್ಮ ಟಾರ್ಬೆಲ್‌ನಲ್ಲಿ ಹಳೆಯ ದೊಡ್ಡ ಮನೆ ಕೊಳ್ಳಲು ಬಂದವರಿಗೆ ದಲ್ಲಾಳಿಗಳು ಮೊದಲು ತೋರಿಸುವುದು ಅಡುಗೆಮನೆಯನ್ನಲ್ಲ, ಸುರಂಗವನ್ನು. ಒಹಾಯೊ ಹೊಳೆಯ ಈಚೆ ದಡದಲ್ಲಿ ನಾವು, ಆಚೆ ದಡದಲ್ಲಿ ಕೆಂಟಕಿ ರಾಜ್ಯ. ಒಂದು ಕಾಲದಲ್ಲಿ ಆಚೆಯವರು ಮನುಷ್ಯರನ್ನು ಕೊಂಡು ಮಾರುತ್ತಿದ್ದರು. ಹಾಗೆ ಮಾರಾಟವಾದವರು ತಪ್ಪಿಸಿಕೊಂಡು ಹೊಳೆ ದಾಟಿ ಬರುತ್ತಿದ್ದರು. ಈಚೆ ಯಾರೋ ಅವರನ್ನು ಬಚ್ಚಿಟ್ಟು, ಉಣ್ಣಿಸಿ, ಉತ್ತರಕ್ಕೆ ಕೆನಡಾದವರೆಗೂ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಇಷ್ಟು ನಿಜ. ಆ ‘ಯಾರೋ’ ಯಾರು ಎಂಬುದು ಮಾತ್ರ ಈಗ ಊರಿನ ಮುಖ್ಯ ಉದ್ಯಮ. ಗುಡ್ಡದ ಮೇಲಿನ ಪ್ರತಿ ಮನೆಗೂ ತನ್ನದೇ ಆದ ಸುರಂಗವಿದೆ. ಅವೆಲ್ಲ ನಿಜವಾಗಿದ್ದರೆ ಊರು ಯಾವತ್ತೋ ಕುಸಿದು ಹೊಳೆ ಸೇರಿರುತ್ತಿತ್ತು.

ಈ ಸುರಂಗಗಳಲ್ಲೆಲ್ಲ ನಾನು ತೆವಳಿದ್ದೇನೆ. ನಾನು, ಲೆಮ್ಯುಯೆಲ್ ಟಿಬ್ಸ್, ಪಕ್ಕದೂರಿನ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಗುಲಾಮರನ್ನು ದಾಟಿಸಿದ ಜಾಲಗಳೇ ನನ್ನ ಸಂಶೋಧನೆ. ಪ್ಯಾಂಟಿನ ಮಂಡಿ ಹರಿದುಕೊಂಡು ಕಂಡುಹಿಡಿದದ್ದು ಇಷ್ಟು: ಒಂದು ಸುರಂಗ ಕಲ್ಲಿದ್ದಲಿನ ಗುಂಡಿ, ಇನ್ನೊಂದು ಗೆಣಸು ಆಲೂಗಡ್ಡೆ ಇಡುತ್ತಿದ್ದ ನೆಲಮಾಳಿಗೆ, ಮತ್ತೊಂದು ಬಚ್ಚಲು ನೀರಿನ ಮೋರಿ. ಎಲ್ಲಕ್ಕಿಂತ ಪ್ರಸಿದ್ಧವಾದ ಹ್ಯಾವರ್‌ಸ್ಟಿಕ್ ಬಂಗಲೆಯ ಸುರಂಗ ಮಳೆನೀರಿನ ತೊಟ್ಟಿ. ಅದನ್ನು ಕಟ್ಟಿದ್ದೇ ಗುಲಾಮಗಿರಿ ರದ್ದಾಗಿ ಬಹಳ ಕಾಲವಾದ ಮೇಲೆ. ಇದನ್ನು ಒಡತಿ ಶ್ರೀಮತಿ ಹ್ಯಾವರ್‌ಸ್ಟಿಕ್‌ಗೆ ಮೆಲ್ಲಗೆ ತಿಳಿಸಿದೆ. ಆಕೆ ಎದೆಯ ಮೇಲೆ ಕೈಯಿಟ್ಟು, ಪ್ರತಿ ಮಾತಿಗೂ ಒಂದು ನಿಟ್ಟುಸಿರು ಅಂಟಿಸಿಯೇ ಮಾತಾಡುವುದು. ನಾನು ಆ ದನಿ ತೆಗೆದರೆ ನಮ್ಮ ಚರ್ಚಿನ ಮಕ್ಕಳು ನಕ್ಕು ಬೆಂಚಿನಿಂದ ಬೀಳುತ್ತವೆ.

“ಲೆಮ್ಯುಯೆಲ್... ನೀವು ದಾಖಲೆ ನೋಡ್ತೀರಿ. ನಾನು... ಗೋಡೆ ಮುಟ್ಟಿದ್ರೆ ಸಾಕು, ಅವರ ಎದೆಬಡಿತ ಕೇಳ್ಸುತ್ತೆ.”

“ಅದು ನೀರಿನ ಪಂಪು, ಮೇಡಂ.”

“ನೋಡಿ... ನಿಮಗೂ ಕೇಳಿಸ್ತು.”

ಆ ಬಂಗಲೆಯಲ್ಲಿ ಸುರಂಗಕ್ಕಿಂತ ರಂಗವೇ ಹೆಚ್ಚು. ಟಿಕೆಟ್ ಕೊಂಡವರು ಲಾಟೀನು ಹಿಡಿದು ಒಳಗಿಳಿಯುತ್ತಾರೆ, ಧ್ವನಿಮುದ್ರಿಸಿದ ಬೇಟೆನಾಯಿಗಳು ಬೊಗಳುತ್ತವೆ, ಹೊರಬಂದವರು ಕಣ್ಣೊರೆಸಿಕೊಂಡು ಐಸ್‌ಕ್ರೀಂ ತಿನ್ನುತ್ತಾರೆ. ಬೇಸಿಗೆಯಲ್ಲಿ ಬಸ್ಸುಗಳ ಸಾಲು. ಬಂದ ಬಸ್ಸು ನಿಲ್ಲಬೇಕಲ್ಲ, ಊರ ಕೌನ್ಸಿಲ್ ನಕ್ಷೆ ಹರಡಿಕೊಂಡು ಗುಡ್ಡದ ಬುಡದಲ್ಲಿ ಸಮತಟ್ಟಾದ ಜಾಗವೊಂದನ್ನು ಆರಿಸಿತು. ಅಲ್ಲೊಂದು ಸಣ್ಣ ಇಟ್ಟಿಗೆ ಕಟ್ಟಡ ಅಡ್ಡವಿತ್ತು. ಅದು ನಮ್ಮ ಗೋಶೆನ್ ಚರ್ಚು.

ಗೋಶೆನ್ ಕಟ್ಟಿದ್ದು ಆ ಕಾಲದಲ್ಲೇ ಸ್ವತಂತ್ರರಾಗಿದ್ದ ಕಪ್ಪು ಜನ, ತಾವೇ ಇಟ್ಟಿಗೆ ಸುಟ್ಟು. ದೋಣಿ ಹಾಕಿಕೊಂಡು ಆಚೆ ದಡದಿಂದ ಜನರನ್ನು ತಂದವರು ಅವರೇ. ನಮ್ಮವರಿಗೆಲ್ಲ ಅದು ಗೊತ್ತು, ಆದರೆ ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಗುಲಾಮರನ್ನು ಕಾಪಾಡಿದವರಿಗೆ ಕೈಮುಗಿಯಲು ಬರುವ ಜನ, ಕಾಪಾಡಿದವರ ನೆತ್ತಿಯ ಮೇಲೆಯೇ ಬಸ್ಸು ನಿಲ್ಲಿಸಬೇಕೆಂಬುದು ಕೌನ್ಸಿಲಿನ ಯೋಜನೆ.

ತಡೆಯುವ ದಾರಿ ಒಂದೇ. ರಾಜ್ಯದ ಪರಂಪರೆ ಸಮಿತಿ ‘ಇದು ಆ ಜಾಲದ ತಾಣ’ ಎಂದು ಒಪ್ಪಿ ಕಂಚಿನ ಫಲಕ ಹಾಕಿದರೆ ಕಟ್ಟಡವನ್ನು ಮುಟ್ಟುವಂತಿಲ್ಲ. ಫಲಕವಿದ್ದವರಿಗೇ ಫಲ. ಫಲಕಕ್ಕೆ ಆ ಕಾಲದ ಬರಹದ ಸಾಕ್ಷಿ ಬೇಕು. ಇತಿಹಾಸ ಅಪಹಾಸವಾಗುವುದು ಇಲ್ಲೇ. ಓಡಿಬಂದವರಿಗೆ ನೆರವಾಗುವುದು ಆಗ ಅಪರಾಧ. ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದವರು ಒಂದು ಚೀಟಿಯನ್ನೂ ಉಳಿಸಲಿಲ್ಲ. ಎಡವಟ್ಟು ಮಾಡಿಕೊಂಡು ಸಿಕ್ಕಿಬಿದ್ದವರ ಹೆಸರು ಮಾತ್ರ ಕೋರ್ಟಿನ ಕಡತಗಳಲ್ಲಿ ಭದ್ರವಾಗಿದೆ. ಹಾಗಾಗಿ ನಮ್ಮ ಸೀಮೆಯ ಕಂಚಿನ ಫಲಕಗಳೆಲ್ಲ ಆ ಪರೀಕ್ಷೆಯಲ್ಲಿ ಫೇಲಾದವರಿಗೇ ಸಂದಿವೆ. ಗೋಶೆನ್‌ನವರು ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಅದೇ ಈಗ ಅವರ ಅಪರಾಧವಾಯಿತು.

ನಿಯಮದಲ್ಲಿ ಒಂದು ಕಿಂಡಿಯಿತ್ತು. ಬರಹ ಇಲ್ಲದಿದ್ದರೆ, ಹಿಂದಿನವರಿಂದ ಕೇಳಿಕೊಂಡು ಬಂದದ್ದನ್ನು ಹಿರಿಯರು ಸಮಿತಿಯ ಪರಿಶೀಲಕರಿಗೆ ಬಾಯಲ್ಲೇ ಹೇಳಬಹುದು. ನಾನು ಅರ್ಜಿ ಹಾಕಿದೆ. ರಾಜ್ಯದ ರಾಜಧಾನಿ ಕೊಲಂಬಸ್‌ನಿಂದ ಆಕ್ಲಿ ಎಂಬ ಪರಿಶೀಲಕರು ಫೋನು ಮಾಡಿ, ಏಪ್ರಿಲ್‌ನಲ್ಲಿ ಯಾವತ್ತಾದರೂ ಬರುತ್ತೇನೆ ಎಂದರು. ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುವ ದನಿ. ದಿನ ಮಾತ್ರ ಹೇಳಲಿಲ್ಲ. ಮೊದಲೇ ತಿಳಿಸಿದರೆ ಜನ ಕಂಠಪಾಠ ಮಾಡಿಕೊಂಡಿರುತ್ತಾರಂತೆ. ನಾನು ಹಿರಿಯರಿಗೆ, “ಕೊಲಂಬಸ್‌ನಿಂದ ಒಬ್ಬ ಆಫೀಸರು ಬರ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳಿ” ಎಂದಷ್ಟೇ ಹೇಳಿ ಸುಮ್ಮನಾದೆ. ಎಲ್ಲರೂ ತಲೆಯಾಡಿಸಿದರು. ನಮ್ಮವರು ತಲೆಯಾಡಿಸಿದರೆ ಒಪ್ಪಿದರು ಎಂದರ್ಥವಲ್ಲ, ಕೇಳಿಸಿತು ಎಂದಷ್ಟೇ.

ಆಗ ನನಗೆ ಮರೆತುಹೋದದ್ದು ನಮ್ಮ ಅಡುಗೆಮನೆಯ ಪದ್ಧತಿ. ಗೋಶೆನ್‌ನ ಬಾಗಿಲಿಗೆ ಬಂದ ಅಪರಿಚಿತರ ಹೆಸರು ಕೇಳುವುದಿಲ್ಲ. ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂದೂ ಕೇಳುವುದಿಲ್ಲ. ಅವರಾಗಿಯೇ ಹೇಳಹೊರಟರೂ ಬಾಯಿಗೆ ತುತ್ತು ಕೊಟ್ಟು ತಡೆಯುತ್ತಾರೆ. ಉಂಡಾದ ಮೇಲೆ ಯಾರಾದರೊಬ್ಬರು ಅವರನ್ನು ಮುಂದಿನ ಊರಿನ ಚರ್ಚಿಗೆ ಬಿಟ್ಟುಬರುತ್ತಾರೆ. ಇನ್ನು ಯಾರಾದರೂ ಬಂದು ‘ಇಲ್ಲಿ ಯಾರಿದ್ದರು, ಏನು ನಡೆಯಿತು’ ಎಂದು ಕೆದಕಿದರೆ ಉತ್ತರ ಒಂದೇ: ‘ನಾನೂ ಈಗ ತಾನೇ ಬಂದೆ.’ ನಮ್ಮ ಮಕ್ಕಳು ‘ಅಮ್ಮ’ ಎಂಬ ಮಾತಾದ ಮೇಲೆ ಕಲಿಯುವುದು ಇದನ್ನೇ. ಇನ್ಶೂರೆನ್ಸಿನವರು, ಪೊಲೀಸರು, ಜನಗಣತಿಯವರು, ಎಲ್ಲರಿಗೂ ಇದೇ ಮಾತು. ಹಳೆಯ ಕಾಲದ ಒಂದು ಮರ್ಯಾದೆ ಹಾಗೇ ಉಳಿದುಬಂದಿದೆ ಎಂದು ನಾನು ತಿಳಿದಿದ್ದೆ. ಅದರ ಬಗ್ಗೆ ಒಂದು ಪ್ರಬಂಧವನ್ನೂ ಬರೆದಿದ್ದೆ.

ಆಕ್ಲಿ ಬಂದದ್ದು ಮಳೆ ಹಿಡಿದ ಒಂದು ಭಾನುವಾರ. ನಾನು ಊರಲ್ಲಿರಲಿಲ್ಲ. ಸಿನ್ಸಿನಾಟಿಯ ಸಮ್ಮೇಳನವೊಂದರಲ್ಲಿ ‘ಮೌನದ ಮಹತ್ವ’ ಎಂಬ ವಿಷಯದ ಮೇಲೆ ನಿಗದಿಯಾದ ಹೊತ್ತು ಮೀರಿ ಮಾತಾಡುತ್ತಿದ್ದೆ. ಇಲ್ಲಿ ನಡೆದದ್ದನ್ನು ಆಮೇಲೆ ಆಕ್ಲಿಯವರಿಂದಲೇ ಕೇಳಿ ಜೋಡಿಸಿಕೊಂಡೆ.

ಸರ್ಕಾರದ ದುಡ್ಡು ಉಳಿಸುವ ಪೈಕಿಯ ಆಕ್ಲಿ ಬಸ್ಸಿನಲ್ಲಿ ಬಂದು, ಸ್ಟಾಪಿನಿಂದ ನಡೆದು, ತೊಪ್ಪೆಯಾಗಿ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರಂತೆ. ತೆಳ್ಳನೆಯ ಬಿಳಿ ಮನುಷ್ಯ, ಬೋಳುತಲೆ, ನೀರು ಸೋರುವ ಬ್ಯಾಗು. ಅಡುಗೆಮನೆಗೆ ಯಜಮಾನಿ ನನ್ನ ಸೋದರತ್ತೆ ಆರ್ಫಾ. ವಯಸ್ಸು ಎಂಬತ್ತರ ಹತ್ತಿರ, ದೀಕ್ಷೆಯಾದದ್ದು ಇದೇ ಚರ್ಚಿನಲ್ಲಿ, ಮದುವೆಯಾದದ್ದೂ ಇಲ್ಲೇ, ಗಂಡನನ್ನು ಮಣ್ಣು ಮಾಡಿದ್ದೂ ಇದರ ಹಿತ್ತಲಲ್ಲೇ.

“ನಮಸ್ಕಾರ, ನನ್ನ ಹೆಸರು...”

“ಹೆಸರು ಹಾಗಿರ್ಲಿ ಮಗ. ಮೊದ್ಲು ಆ ಶೂ ಬಿಚ್ಚಿ ಒಲೆ ಹತ್ರ ಇಡು.”

“ಅಲ್ಲ ಅಮ್ಮ, ನಾನು ಬಂದಿದ್ದು ಯಾಕೇಂದ್ರೆ...”

“ಯಾಕಾದ್ರೂ ಇರ್ಲಿ, ಬಂದ್ಯಲ್ಲ. ಕೋಳಿ ತೊಡೆ ಹಾಕ್ಲಾ, ಎದೆ ಹಾಕ್ಲಾ?”

ಕರಿದ ಕೋಳಿ, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು, ಕೊನೆಗೆ ಸಿಹಿಗೆಣಸಿನ ಪೈ. ಬಾಯಿ ಬಿಡುವಾದಾಗ ಆಕ್ಲಿ ಕೇಳಿಯೇ ಬಿಟ್ಟರು.

“ಅಮ್ಮ, ಹಿಂದಿನ ಕಾಲದಲ್ಲಿ ಇಲ್ಲಿ ಜನರನ್ನ ಬಚ್ಚಿಡ್ತಿದ್ರಂತಲ್ಲ?”

ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

“ಯಾರಂದ್ರು?”

“ಕೇಳ್ಪಟ್ಟೆ.”

“ನಂಗೊತ್ತಿಲ್ಲಪ್ಪ. ನಾನೂ ಈಗ ತಾನೇ ಬಂದೆ.”

“ಈ ಊರಿಗೆ ಬಂದು ಎಷ್ಟು ಕಾಲ ಆಯ್ತು?”

“ಬೆಳಿಗ್ಗೆ.”

ಆಕ್ಲಿ ಪಕ್ಕದಲ್ಲಿ ಕೂತಿದ್ದ ಡೀಕನ್ ಟೋಲಿವರ್ ಕಡೆ ತಿರುಗಿದರು. ಟೋಲಿವರ್ ನಮ್ಮ ಸಭೆಯ ಹಿರಿಯ. ಪ್ರತಿ ವರ್ಷವೂ ಚರ್ಚಿನ ಮಾಡು ಹತ್ತಿ ರಿಪೇರಿ ಮಾಡುವವರು ಅವರೇ.

“ಸಾರ್, ಈ ಕಟ್ಟಡಕ್ಕೆ ನೆಲಮಾಳಿಗೆ ಇದ್ಯಾ?”

ಟೋಲಿವರ್ ಸುತ್ತ ಮುತ್ತ ನೋಡಿದರು. “ಕಟ್ಟಡನಾ? ನಾನು ಗಮನಿಸಿಲ್ಲ.”

ಆಕ್ಲಿ ಒದ್ದೆ ಪುಸ್ತಕ ತೆಗೆದು ಏನೋ ಗೀಚಿಕೊಂಡರು. ಪೆನ್ನು ಕಂಡದ್ದೇ ಇದ್ದಬದ್ದ ಬಾಯಿಗಳೂ ಮುಚ್ಚಿಕೊಂಡವು. ಭಾನುವಾರ ವಾಪಸ್ ಬಸ್ಸಿಲ್ಲ ಎಂದು ಗೊತ್ತಾದಾಗ ಟೋಲಿವರ್ ತಮ್ಮ ಹಳೆಯ ಟ್ರಕ್ಕಿನ ಬಾಗಿಲು ತೆರೆದರು.

“ಎಲ್ಲಿಗೆ ಸಾರ್?” ಎಂದರು ಆಕ್ಲಿ.

“ಮೇಲಕ್ಕೆ.”

ಮುಂದಿನ ಊರಿನ ಚರ್ಚಿನಲ್ಲಿ ಸಂಜೆಯ ಪ್ರಾರ್ಥನೆ ಮುಗಿದು ಮೀನು ಕರಿಯುತ್ತಿದ್ದರು. ಅಲ್ಲಿಯೂ ಹೆಸರು ಕೇಳಲಿಲ್ಲ, ತಟ್ಟೆ ಕೊಟ್ಟರು. ಅಲ್ಲಿಂದ ಒಬ್ಬ ಶಾಲೆಯ ಟೀಚರಮ್ಮ ತನ್ನ ಕಾರಿನಲ್ಲಿ ಅದರಾಚೆಯ ಚರ್ಚಿಗೆ ತಲುಪಿಸಿದಳು. ಅಲ್ಲಿ ಕಾಫಿ. ಅಲ್ಲಿಂದ ಕೊಲಂಬಸ್‌ಗೆ ಡ್ಯೂಟಿಗೆ ಹೊರಟಿದ್ದ ನರ್ಸೊಬ್ಬಳು ಹತ್ತಿಸಿಕೊಂಡಳು. ದಾರಿಯುದ್ದಕ್ಕೂ ಆಕ್ಲಿ ಬಾಯಿ ತೆರೆಯಬೇಕಾಗಿ ಬಂದದ್ದು ತನ್ನ ಬೀದಿಯ ತಿರುವು ತೋರಿಸಲು ಮಾತ್ರ. ರಾತ್ರಿಯ ವಾರ್ತೆಯ ಹೊತ್ತಿಗೆ ಆ ಮನುಷ್ಯ, ಹೊಟ್ಟೆ ತುಂಬಿಸಿಕೊಂಡು, ಒಣಗಿದ ಶೂ ಹಾಕಿಕೊಂಡು, ಕಂಕುಳಲ್ಲಿ ಪೈ ಇಟ್ಟುಕೊಂಡು, ತನ್ನ ಮನೆಯ ಮೆಟ್ಟಿಲ ಮೇಲಿದ್ದ. ಮರುದಿನ ಕಚೇರಿಗೆ ಹೋಗಿ ವರದಿ ಬರೆದರು:

‘ಗೋಶೆನ್ ಚರ್ಚಿನ ಹಿರಿಯರಿಗೆ ಅಂಥ ಜಾಲದ ಬಗ್ಗೆ ಏನೂ ತಿಳಿದಿಲ್ಲ. ತಮ್ಮ ಕಟ್ಟಡದ ಬಗ್ಗೆಯೂ ಹೆಚ್ಚು ತಿಳಿದಂತಿಲ್ಲ. ಜಾಲವಿತ್ತೆಂಬುದಕ್ಕೆ ಯಾವ ಕುರುಹೂ ಕಾಣಲಿಲ್ಲ. ಜನ ಬಹಳ ಒಳ್ಳೆಯವರು.’

ಇದನ್ನು ಆಕ್ಲಿ ಫೋನಿನಲ್ಲಿ, ಮೂಗಿನಿಂದ, ನನಗೆ ಓದಿ ಹೇಳಿದರು. ನಾನು ಅತ್ತೆಯ ಹತ್ತಿರ ಓಡಿದೆ. ಅತ್ತೆ ಪೈಗೆ ಹಿಟ್ಟು ಲಟ್ಟಿಸುತ್ತಿದ್ದಳು.

“ಅತ್ತೆ, ಅವತ್ತು ಮಳೇಲಿ ಬಂದಿದ್ನಲ್ಲ, ಅವನೇ ಆಫೀಸರು.”

“ಆಫೀಸರಾ? ಕಾಲುಚೀಲ ತೂತಾಗಿತ್ತು ಕಣೋ.”

“ಕೇಳಿದ್ದಕ್ಕೆ ಹೇಳಿ ಅಂದಿದ್ನಲ್ಲ ನಾನು.”

“ಆಫೀಸರು ಅಂತ ಗೊತ್ತಿದ್ದಿದ್ರೆ ಬಾಗಿಲೇ ತೆಗೀತಿರ್ಲಿಲ್ಲ. ಬಡಪಾಯಿ ಅಂತ ಉಣ್ಣಕ್ಕಿಟ್ಟೆ.”

“ಚರ್ಚು ಒಡೀತಾರೆ ಅತ್ತೆ. ನಿಮ್ಮ ಯಜಮಾನ್ರ ಮೇಲೆ ಬಸ್ಸು ನಿಲ್ಲಿಸ್ತಾರೆ.”

ಅತ್ತೆ ಲಟ್ಟಣಿಗೆ ಉರುಳಿಸುತ್ತಲೇ ಹೇಳಿದಳು.

“ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದು. ಹಿಡಿಯೋರು ಬಂದು, ಎಲ್ಲಿಟ್ಟಿದೀಯ ಹೇಳು, ಇಲ್ದಿದ್ರೆ ಮನೆ ಸುಡ್ತೀವಿ ಅಂದ್ರಂತೆ.”

“ಆಮೇಲೆ?”

“ಸುಟ್ರು. ಇನ್ನೊಂದು ಕಟ್ಕೊಂಡ್ರು.”

ನಾನು ಪೆನ್ನಿಗೆ ಕೈಹಾಕಿದೆ. ಇಷ್ಟು ವರ್ಷದ ಸಂಶೋಧನೆಯಲ್ಲಿ ಅತ್ತೆಯ ಬಾಯಿಂದ ಬಿದ್ದ ಮೊದಲ ಆಧಾರ ಅದು. ಪೆನ್ನು ನೋಡಿ ಅತ್ತೆ ಮಾತು ನಿಲ್ಲಿಸಿ ಒಲೆಯ ಕಡೆ ತಿರುಗಿದಳು.

“ಅತ್ತೆ, ಅದೆಲ್ಲ ಆ ಕಾಲದ್ದು. ಈಗ ಯಾರನ್ನೂ ಯಾರೂ ಹಿಡಿಯಕ್ಕೆ ಬರಲ್ಲ. ಬಾಯಿಬಿಟ್ಟು ಹೇಳಿದ್ರೆ ಏನು ನಷ್ಟ?”

“ಓದಿರೋನು ನೀನು,” ಎಂದಳು. ನಮ್ಮ ಮನೆಯಲ್ಲಿ ಅದು ಹೊಗಳಿಕೆಯಲ್ಲ.

ಕೌನ್ಸಿಲ್ ಕೊನೆಯ ವಿಚಾರಣೆ ಇಟ್ಟಿತು. ಅವತ್ತೇ ಮತ, ಮತ ಬಿದ್ದ ಬೆನ್ನಲ್ಲೇ ಬುಲ್ಡೋಜರು. ಪುರಭವನದ ಮುಂದಿನ ಸಾಲಿನಲ್ಲಿ ಶ್ರೀಮತಿ ಹ್ಯಾವರ್‌ಸ್ಟಿಕ್ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಹಿಂದಿನ ಸಾಲುಗಳಲ್ಲಿ ಗೋಶೆನ್‌ನವರು, ಯಾರದೋ ಊರಿನ ವಿಷಯ ಎಂಬಂತೆ. ಆಕ್ಲಿ ವರದಿ ಓದಿ ಮುಗಿಸಿದರು. ಅಧ್ಯಕ್ಷರದು ಹರಾಜು ಕೂಗುವ ದನಿ: “ಬೇರೆ ಯಾರಾದ್ರೂ ಮಾತಾಡೋರಿದ್ರೆ, ಬೇಗ.”

ನಾನು ಕಟ್ಟುಗಟ್ಟಲೆ ಟಿಪ್ಪಣಿ ತಂದಿದ್ದೆ. ಎದ್ದು ನಿಂತಾಗ ಅದರಲ್ಲಿ ಏನೂ ಇಲ್ಲ ಎಂದು ಗೊತ್ತಾಯಿತು. ಇದ್ದದ್ದು ಒಂದೇ ಪ್ರಶ್ನೆ.

“ಆಕ್ಲಿ ಸಾರ್, ಅವತ್ತು ವಾಪಸ್ ಬಸ್ ಇರ್ಲಿಲ್ಲ. ಮನೆಗೆ ಹೇಗೆ ಹೋದ್ರಿ?”

“ಒಬ್ಬರು ಟ್ರಕ್ಕಲ್ಲಿ ಬಿಟ್ರು.”

“ಯಾರು?”

“ಹೆಸರು... ಹೇಳಲಿಲ್ಲ.”

“ಮನೆ ತನಕ ಬಿಟ್ರಾ?”

“ಇಲ್ಲ, ಮುಂದಿನ ಊರಿನ ಚರ್ಚಿಗೆ. ಅಲ್ಲಿ ಊಟ ಹಾಕಿದ್ರು. ಅಲ್ಲಿಂದ ಒಬ್ಬ ಮೇಡಂ ಇನ್ನೊಂದು ಚರ್ಚಿಗೆ ಕರ್ಕೊಂಡು ಹೋದ್ರು.”

“ಆ ಮೇಡಂ ಹೆಸರು?”

“ಗೊತ್ತಿಲ್ಲ. ನಾನು ಕೇಳ್ಲಿಲ್ಲ. ಅವರೂ ನನ್ನ...”

“ಯಾವ ದಿಕ್ಕಿಗೆ ಹೋದ್ರಿ ಸಾರ್?”

“ಉತ್ತರಕ್ಕೆ,” ಎಂದ ಆಕ್ಲಿ ತೆರೆದ ಬಾಯಿಯನ್ನು ಮುಚ್ಚಲಿಲ್ಲ. ಕೈಯಲ್ಲಿದ್ದ ವರದಿಯನ್ನು ನೋಡಿದರು. ಹಿಂದಿನ ಸಾಲುಗಳನ್ನು ನೋಡಿದರು. ಮುಖಕ್ಕೆ ರಕ್ತ ಏರುವುದು ಬೋಳುತಲೆಯವರಲ್ಲಿ ದೂರದವರೆಗೂ ಕಾಣುತ್ತದೆ.

ಅಧ್ಯಕ್ಷರಿಗೆ ಇದು ಸರಿಬರಲಿಲ್ಲ. “ಇವರು ಹೇಳಿದ್ರೆ ಆಯ್ತಾ? ಟೋಲಿವರ್, ನೀವು ಇವರನ್ನ ಟ್ರಕ್ಕಲ್ಲಿ ಬಿಟ್ರಾ?”

ಟೋಲಿವರ್ ಹ್ಯಾಟು ತೆಗೆದು ಎದ್ದರು. “ನಂಗೆ ಡ್ರೈವಿಂಗ್ ಬರಲ್ಲ ಸಾರ್.”

ಅವರ ಟ್ರಕ್ಕು ಆಗ ಅಧ್ಯಕ್ಷರ ಕಾರು ನಿಲ್ಲಿಸುವ ಜಾಗದಲ್ಲೇ ನಿಂತಿತ್ತು.

“ಆರ್ಫಾ ಅವರೇ, ಇವರಿಗೆ ನೀವು ಊಟ ಹಾಕಿದ್ರಾ?”

“ಯಾರಿಗೆ?”

“ಇಲ್ಲಿ ನಿಂತಿದಾರಲ್ಲ, ಇವರಿಗೆ.”

ಅತ್ತೆ ಕನ್ನಡಕ ಹಾಕಿಕೊಂಡು ಆಕ್ಲಿಯವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇವತ್ತೇ ನೋಡ್ತಿರೋದು.”

ಇನ್ನೇನು ಚರ್ಚು ಉಳಿಯಿತು ಎನ್ನುವಾಗ, ಅದನ್ನು ಕೆಡವಲು ನಮ್ಮವರೇ ಹೆಗಲು ಕೊಡುತ್ತಿದ್ದರು. ಆದರೆ ಆಕ್ಲಿಗೆ ಅದು ತಡೆಯಲಾರದ ಅವಮಾನವಾಯಿತು. ಜೀವಮಾನವೆಲ್ಲ ಬೇರೆಯವರ ಸಾಕ್ಷಿಯನ್ನು ಅನುಮಾನಿಸಿದ ಮನುಷ್ಯ, ತನ್ನ ಮಾತನ್ನೇ ಯಾರೂ ನಂಬದ ಸ್ಥಿತಿಗೆ ಬಂದಿದ್ದ.

“ಆಯಮ್ಮ ನನ್ನ ಶೂ ಒಣಗಿಸಿದ್ರು,” ಎಂದರು, ದನಿ ಮೊದಲ ಬಾರಿಗೆ ಮೂಗಿನಿಂದ ಇಳಿದು ಎದೆಗೆ ಬಂದಿತ್ತು. “ಕೋಳಿ ತೊಡೆ ಹಾಕಿದ್ರು. 'ಬೆಳಿಗ್ಗೆ ಬಂದೆ' ಅಂದ್ರು, ಸುಳ್ಳು ಹೇಳಿದ್ರು. ಇವರೆಲ್ಲ ಹೇಳ್ತಿರೋದು ಸುಳ್ಳು, ಎಷ್ಟು ಚೆನ್ನಾಗಿ ಹೇಳ್ತಾರೆ ನೋಡಿ. ಪೈ ತಟ್ಟೆ ಇನ್ನೂ ನನ್ನ ಮನೇಲಿದೆ. ನನ್ನನ್ನ ಸಾಗಿಸಿದಾರೆ, ಅಧ್ಯಕ್ಷರೇ. ಕೈಯಿಂದ ಕೈಗೆ, ಮನೆ ಬಾಗಿಲ ತನಕ. ಒಂದು ದಿನದಲ್ಲಿ ಕಲಿಯೋ ಕೆಲಸ ಅಲ್ಲ ಇದು.”

ಅಧ್ಯಕ್ಷರು ಏನೋ ಹೇಳಹೋದರು. ಆಕ್ಲಿ ಮೈಕನ್ನು ಬಿಡಲಿಲ್ಲ. ವರದಿ ಹಿಂತೆಗೆದುಕೊಂಡಿದ್ದೇನೆ, ಗೋಶೆನ್ ಪರವಾಗಿ ಬಾಯಿಮಾತಿನ ಸಾಕ್ಷಿ ನನ್ನದೇ, ನಾನೇ ಪ್ರಯಾಣಿಕ ಎಂದು, ಹಾದುಹೋದ ಒಂದೊಂದು ಊರಿನ ಹೆಸರನ್ನೂ ಹಿಡಿದು, ರಸ್ತೆಯ ತಿರುವಿನ ಸಮೇತ, ಸಭೆಗೆ ಹೇಳಿದರು. ಸರ್ಕಾರದ ಮನುಷ್ಯನೇ ಸಾಕ್ಷಿಯಾದ ಮೇಲೆ ಕೌನ್ಸಿಲಿಗೆ ಉಳಿದದ್ದು ಗಂಟಲು ಸರಿಪಡಿಸಿಕೊಳ್ಳುವುದೊಂದೇ. ಯೋಜನೆ ಕೈಬಿಟ್ಟಿತು. ನಾನು ಪಕ್ಕದಲ್ಲಿದ್ದ ಯಾರನ್ನೋ ತಬ್ಬಿಕೊಂಡೆ. ಬಿಟ್ಟಾಗ ನೋಡಿದರೆ ಶ್ರೀಮತಿ ಹ್ಯಾವರ್‌ಸ್ಟಿಕ್.

“ಲೆಮ್ಯುಯೆಲ್... ಬಸ್ಸು ಈಗ ಎಲ್ಲಿ ನಿಲ್ಲಿಸೋಣ?”

“ನಿಮ್ಮ ತೋಟದಲ್ಲೇ ಮೇಡಂ. ಹುಷಾರು, ಕೆಳಗೆ ತೊಟ್ಟಿ ಇದೆ.”

ಮರುದಿನದ ಸ್ಥಳೀಯ ಪತ್ರಿಕೆ ಆಕ್ಲಿಯವರ ಪ್ರಯಾಣವನ್ನು ನಕ್ಷೆಯ ಸಮೇತ ಮುಖಪುಟದಲ್ಲಿ ಹಾಕಿತು. ಊರಿಂದೂರಿಗೆ ಬಾಣದ ಗುರುತು, ಪ್ರತಿ ಚರ್ಚಿಗೂ ಒಂದು ಚುಕ್ಕೆ. ನಾನು ಹತ್ತಾರು ಪ್ರತಿ ಕೊಂಡು ಹಂಚಿದೆ.

ಫಲಕ ಹಾಕಿದ ದಿನ ಗೋಶೆನ್‌ನಲ್ಲಿ ಹಾಡಿದರು, ಕುಣಿದರು, ಊಟ ಹಾಕಿದರು. ಆಕ್ಲಿಗೆ ಹೂಗುಚ್ಛ. ಅತ್ತೆ ಮಾತ್ರ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ನಾನು ಒಳಗೆ ಹೋದೆ.

“ಚರ್ಚು ಉಳೀತು ಅತ್ತೆ. ಇನ್ನೂ ಮುಖ ಯಾಕೆ ಹಾಗೆ?”

“ಉಳೀತು, ಸಂತೋಷ.” ಸೊಪ್ಪು ಹೆಚ್ಚುತ್ತಲೇ ಹೇಳಿದಳು. “ಅಷ್ಟು ಜನರನ್ನ ಸಾಗಿಸಿದ್ವಿ. ಬಾಯಿ ಬಿಟ್ಟೋನು ಇವನೊಬ್ಬನೇ. ಅದೂ ಮೈಕಲ್ಲಿ.”

“ಸಾಗಿಸಿದ್ದು ನಾವಲ್ಲ ಅತ್ತೆ, ಹಳೇ ಕಾಲದೋರು,” ಎಂದು ನಕ್ಕೆ. ಅತ್ತೆ ಇನ್ನೊಂದು ಸೊಪ್ಪಿನ ಕಟ್ಟು ಬಿಚ್ಚಿದಳು.

ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ, ಉಳಿದ ಪೈ ಸಿಗಬಹುದೆಂದು ಹಿಂಬಾಗಿಲಿನಿಂದ ನುಗ್ಗಿದೆ. ಒಲೆಯ ಪಕ್ಕದಲ್ಲಿ ಒಬ್ಬಳು ಹುಡುಗಿಯಂಥ ಹೆಂಗಸು, ಮಡಿಲಲ್ಲಿ ನಿದ್ದೆ ಹೋದ ಮಗು. ಹೆಂಗಸಿನ ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು. ತಟ್ಟೆಯಲ್ಲಿದ್ದದ್ದನ್ನು ಬಾಗಿಲು ನೋಡುತ್ತ ನೋಡುತ್ತ ತಿನ್ನುತ್ತಿದ್ದಳು. ನಾನು ಒಳಗೆ ಕಾಲಿಟ್ಟದ್ದೇ ಚಮಚ ಕೈಜಾರಿತು. ಅತ್ತೆ ಬಂದು ನಮ್ಮಿಬ್ಬರ ನಡುವೆ ನಿಂತಳು.

“ಏನೋ?”

“ಪೈ ಇದ್ರೆ...”

“ಇವತ್ತು ಮಾಡಿಲ್ಲ.”

ಪೈ ಮೇಜಿನ ಮೇಲೆ ಆರುತ್ತಿತ್ತು. ಹಿತ್ತಲಲ್ಲಿ, ಡ್ರೈವಿಂಗ್ ಬಾರದ ಟೋಲಿವರ್ ಟ್ರಕ್ಕು ಸ್ಟಾರ್ಟ್ ಮಾಡಿ ಕಾಯುತ್ತಿದ್ದರು. ಅವರು ನನ್ನನ್ನು ನೋಡಿ ಎಂದಿನಂತೆ ಕೈಯೆತ್ತಲಿಲ್ಲ.

ನಾನು ಹೊರಗೆ ಬಂದು ಗೋಡೆಯ ಮರೆಯಲ್ಲಿ ನಿಂತೆ. ಚರ್ಚಿನ ಮುಂಭಾಗದಲ್ಲಿ ಬಸ್ಸಿನಿಂದಿಳಿದ ಜನ ಫಲಕದ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಿಂಭಾಗದಿಂದ ಟ್ರಕ್ಕು ಹೊರಟಿತು. ಪತ್ರಿಕೆಯ ಬಾಣದ ಗುರುತಿದ್ದ ಉತ್ತರದ ರಸ್ತೆಗೆ ಅದು ತಿರುಗಲಿಲ್ಲ. ಯಾವ ಕಡೆ ತಿರುಗಿತೆಂದು ನೋಡಿದೆ, ಇಲ್ಲಿ ಬರೆಯುವುದಿಲ್ಲ. ಆ ದಾರಿಯಲ್ಲಿ ಮುಂದಿನ ಚರ್ಚು ಬಹಳ ದೂರ, ರಸ್ತೆಯೂ ಕೆಟ್ಟದ್ದು. ನನ್ನ ಒಂದು ಪ್ರಶ್ನೆಯಿಂದ ಗೋಶೆನ್ ಉಳಿದಿತ್ತು, ಆ ಮಗು ಇಡೀ ಮಧ್ಯಾಹ್ನ ಕುಲುಕಾಡಿಕೊಂಡು ಹೋಗಬೇಕಾಗಿತ್ತು.

ಗೋಶೆನ್ ಬಗ್ಗೆ ನಾನು ಬರೆದ ಅಧ್ಯಾಯ ಗುಲಾಮಗಿರಿ ರದ್ದಾದ ವರ್ಷಕ್ಕೆ ಮುಗಿಯುತ್ತದೆ. ‘ಇಲ್ಲಿಗೆ ಜಾಲದ ಕೆಲಸ ಪೂರ್ಣಗೊಂಡಿತು’ ಎಂಬುದು ಕೊನೆಯ ವಾಕ್ಯ. ಆ ಭಾನುವಾರ ಕಳೆದ ಮೇಲೆ, ಅಚ್ಚಿಗೆ ಕೊಡುವ ಮೊದಲು ಸಂಪಾದಕರು, “ಇದಕ್ಕೆ ಆಧಾರ ಏನು ಲೆಮ್?” ಎಂದು ಕೇಳಿದರು. ಖಚಿತವಾಗಿ ಗೊತ್ತು ಎಂದೆ. ವಾಕ್ಯ ಹಾಗೆಯೇ ಇದೆ.